ಪಕ್ಕದ ಏರ್‌ಬ್ಯಾಗ್ ತೆರೆಯಲಿಲ್ಲವೇ? ಕಾರನ್ನು ಗುಜರಿಗೆ ಬಿಡಬೇಡಿ

ಹೈದರಾಬಾದಿನ ತಾರ್ನಾಕದಿಂದ ಮೆಟ್ಟುಗುಡ ಕಡೆಗೆ ಹೊರಟ ಕಾರಿಗೆ ಅಡ್ಡರಸ್ತೆಯಿಂದ ನುಗ್ಗಿದ ವಾಹನ ಪಕ್ಕದಿಂದ ಗುದ್ದಿತು ಎಂದುಕೊಳ್ಳಿ. ಬಾಗಿಲು ಒಳಕ್ಕೆ ಕುಸಿದಿದೆ, ಓಡಿಸುತ್ತಿದ್ದವರ ಪಕ್ಕೆಲುಬು ಮುರಿದಿದೆ. ಆರು ಏರ್‌ಬ್ಯಾಗ್ ಇದೆಯೆಂದೇ ಹೆಚ್ಚು ಹಣ ತೆತ್ತು ಕೊಂಡ ಕಾರಿನಲ್ಲಿ ಒಂದೂ ತೆರೆದುಕೊಂಡಿಲ್ಲ. ಮನೆಯವರೆಲ್ಲ ಆಸ್ಪತ್ರೆಯಲ್ಲಿ ಓಡಾಡುತ್ತಿರುವ ಆ ವಾರದಲ್ಲೇ ಮುಂದಿನ ಮೊಕದ್ದಮೆಯ ಅರ್ಧ ಹಣೆಬರಹ ನಿರ್ಧಾರವಾಗಿಬಿಡುತ್ತದೆ. ಮುಖ್ಯ ಸಾಕ್ಷಿ ಕಾರೇ. ಯಾರೂ ತಡೆಯದಿದ್ದರೆ ಅದು ವಿಮಾ ಕಂಪನಿಯ ಯಾರ್ಡಿಗೆ, ಅಲ್ಲಿಂದ ಗುಜರಿಗೆ ಹೋಗುತ್ತದೆ.

ಏರ್‌ಬ್ಯಾಗ್ ವ್ಯವಸ್ಥೆಗೆ ಒಂದು ನಿಯಂತ್ರಣ ಪೆಟ್ಟಿಗೆ ಇರುತ್ತದೆ. ಬಾಗಿಲ ಒಳಗೆ ಅಥವಾ ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬದಲ್ಲಿರುವ ಸೆನ್ಸರ್‌ಗಳು ಪೆಟ್ಟಿನ ಸುದ್ದಿಯನ್ನು ಅದಕ್ಕೆ ಮುಟ್ಟಿಸುತ್ತವೆ. ಸೀಟಿನ ಹೊರಮಗ್ಗುಲಲ್ಲಿ ಅಡಗಿರುವ ಚೀಲ ಎದೆಯನ್ನೂ, ಕಿಟಕಿಯ ಮೇಲಿಂದ ಇಳಿಯುವ ಪರದೆ ತಲೆಯನ್ನೂ ಕಾಯುತ್ತದೆ. ಬಾಗಿಲಿಗೂ ಮೈಗೂ ನಡುವೆ ಇರುವುದು ಗೇಣು ಜಾಗವಾದ್ದರಿಂದ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಇದೆಲ್ಲ ನಡೆಯಬೇಕು. ಅನೇಕ ಕಾರುಗಳಲ್ಲಿ ಪೆಟ್ಟಿನ ತೀವ್ರತೆ, ಬೆಲ್ಟ್ ಹಾಕಿತ್ತೇ, ವ್ಯವಸ್ಥೆಯಲ್ಲಿ ಮೊದಲೇ ದೋಷವಿತ್ತೇ ಎಂಬ ದಾಖಲೆ ಆ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಆದ್ದರಿಂದ ಮೊದಲ ಕೆಲಸ ಲಿಖಿತ ಪತ್ರ. ತಯಾರಕ ಕಂಪನಿ, ಡೀಲರ್, ವಿಮಾ ಕಂಪನಿ ಮೂವರಿಗೂ ಇಮೇಲ್ ಮತ್ತು ನೋಂದಾಯಿತ ಅಂಚೆಯಲ್ಲಿ ಬರೆಯಿರಿ: ನನ್ನ ಅಥವಾ ನನ್ನ ಪ್ರತಿನಿಧಿಯ ಎದುರಿಗಲ್ಲದೆ ಕಾರನ್ನು ಬಿಚ್ಚಬೇಡಿ, ನಿಯಂತ್ರಣ ಪೆಟ್ಟಿಗೆಯನ್ನು ತೆಗೆಯಬೇಡಿ, ಅದರ ದಾಖಲೆಯ ಪ್ರತಿ ಕೊಡಿ. ಸರ್ವಿಸ್ ಸೆಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಮುಂದೆ ಯಾರಿಗೂ ನೆನಪಿರುವುದಿಲ್ಲ. ಬಾಗಿಲು, ಕಂಬ, ಸೀಟು, ಚಾವಣಿಯಂಚು, ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ದೀಪ, ಎಲ್ಲದರ ಫೋಟೊ ಇರಲಿ. ಎಫ್‌ಐಆರ್, ಮೋಟಾರು ವಾಹನ ನಿರೀಕ್ಷಕರ ವರದಿ, ವಿಮಾ ಸರ್ವೇಯರ್ ವರದಿ, ಆಸ್ಪತ್ರೆಯ ದಾಖಲೆಗಳ ಪ್ರತಿಗಳನ್ನು ಕೇಳಿ ಪಡೆಯಿರಿ. ಕಾರು ಕೊಂಡಾಗ ಕೊಟ್ಟ ಬಣ್ಣದ ಬ್ರೋಷರ್ ಮನೆಯಲ್ಲಿದ್ದರೆ ಎಸೆಯಬೇಡಿ. ಕಂಪನಿ ಏನೆಂದು ಮಾತು ಕೊಟ್ಟಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಕಂಪನಿಯಿಂದ ಬರುವ ಉತ್ತರ ಬಹುತೇಕ ಒಂದೇ: ಪೆಟ್ಟು ಬೇಕಾದಷ್ಟು ಜೋರಾಗಿರಲಿಲ್ಲ, ಬೇಕಾದ ದಿಕ್ಕಿನಿಂದಲೂ ಬರಲಿಲ್ಲ. ಇದರಲ್ಲಿ ನಿಜದ ಅಂಶವಿದೆ. ನೇರ ಎದುರಿನ ಡಿಕ್ಕಿಯಲ್ಲಿ ಪಕ್ಕದ ಚೀಲ ತೆರೆಯದಿರುವುದು ಸಹಜ. ಹಿಂದಿನಿಂದ ಗುದ್ದಿದಾಗ ಸಾಮಾನ್ಯವಾಗಿ ಯಾವುದೂ ತೆರೆಯುವುದಿಲ್ಲ. ಆದರೆ ಆ ಮಾತೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 20ರಂದು ಸ್ಪಷ್ಟಪಡಿಸಿತು. 2015ರಲ್ಲಿ ಕೊಂಡ ಹ್ಯುಂಡೈ ಕ್ರೆಟಾ 2017ರ ನವೆಂಬರಿನಲ್ಲಿ ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತಕ್ಕೀಡಾಯಿತು. ಮುಂದಿನ ಏರ್‌ಬ್ಯಾಗ್‌ಗಳು ತೆರೆಯಲಿಲ್ಲ. ಮಾಲೀಕರ ತಲೆ, ಎದೆ, ಹಲ್ಲುಗಳಿಗೆ ಪೆಟ್ಟಾಯಿತು. ದೆಹಲಿ ರಾಜ್ಯ ಗ್ರಾಹಕ ಆಯೋಗ ಒಟ್ಟು 3 ಲಕ್ಷ ರೂಪಾಯಿ ಪರಿಹಾರದ ಜೊತೆಗೆ ಕಾರನ್ನು ಬದಲಿಸಿಕೊಡಲು ಆದೇಶಿಸಿತ್ತು. ನ್ಯಾಯಮೂರ್ತಿಗಳಾದ ವಿನೀತ್ ಸರನ್ ಮತ್ತು ಅನಿರುದ್ಧ ಬೋಸ್ ಅವರ ಪೀಠ ಅದನ್ನು ಎತ್ತಿಹಿಡಿಯಿತು. ವೇಗ, ಬಲಗಳ ಲೆಕ್ಕ ಹಾಕಿ ಪೆಟ್ಟಿನ ತೀವ್ರತೆ ಅಳೆಯಲು ಗ್ರಾಹಕ ಭೌತಶಾಸ್ತ್ರದ ತಜ್ಞನಾಗಬೇಕಿಲ್ಲ ಎಂದಿತು. ಇಂಥ ವೈಫಲ್ಯಕ್ಕೆ ತಯಾರಕರನ್ನು ಎಚ್ಚರಿಸುವಂಥ ದಂಡರೂಪದ ಪರಿಹಾರವನ್ನೂ ವಿಧಿಸಬಹುದು ಎಂದೂ ಹೇಳಿತು. ಡಿಕ್ಕಿಯಾಗದೆ ದೋಷ ಗೊತ್ತಾಗುವುದೇ ಇಲ್ಲವಾದ್ದರಿಂದ ದೂರಿನ ಕಾಲಮಿತಿಯನ್ನು ದೋಷ ಬಯಲಾದ ದಿನದಿಂದ ಎಣಿಸಬೇಕು ಎಂಬ ಮಾತು ಕಾರು ಮಾಲೀಕರಿಗೆ ಇನ್ನೂ ದೊಡ್ಡ ಆಸರೆ.

ಆ ಪ್ರಕರಣ ಮುಂದಿನ ಏರ್‌ಬ್ಯಾಗ್‌ನದು. ಆದರೂ ಬಾಗಿಲು ಕುಸಿದು ಪಕ್ಕದ ಚೀಲ ಮಡಿಸಿಯೇ ಉಳಿದ ಕಾರಿಗೆ ಅದೇ ತರ್ಕ ಅನ್ವಯಿಸಬೇಕೆಂದು ವಾದಿಸಲು ಗಟ್ಟಿ ಆಧಾರವಿದೆ. ಏರ್‌ಬ್ಯಾಗ್ ಯಾವಾಗ ತೆರೆಯುತ್ತದೆ, ಯಾವಾಗ ಇಲ್ಲ ಎಂಬುದನ್ನು ಕೊಳ್ಳುವವರಿಗೆ ಪೂರ್ತಿ ತಿಳಿಸದಿರುವುದೂ ತಪ್ಪೇ. ಮರ್ಸಿಡಿಸ್ ಕಾರೊಂದರ ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗ ಅದಕ್ಕಾಗಿಯೇ ಪ್ರತ್ಯೇಕ ಪರಿಹಾರ ವಿಧಿಸಿತ್ತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಂ ಇದನ್ನು ಬರಹಕ್ಕಿಳಿಸಿದೆ: ತಯಾರಿಕೆಯ ದೋಷ, ವಿನ್ಯಾಸದ ದೋಷ, ಸಾಕಷ್ಟು ಎಚ್ಚರಿಕೆ ಕೊಡದಿರುವುದು, ಯಾವುದಿದ್ದರೂ ತಯಾರಕ ಹೊಣೆ.

87ನೇ ಕಲಂ ಮಾತ್ರ ಮಾರಾಟಗಾರರ ಕೈಗೆ ಗುರಾಣಿ ಕೊಡುತ್ತದೆ. ಗ್ರಾಹಕ ವಸ್ತುವನ್ನು ದುರುಪಯೋಗ ಮಾಡಿದ್ದರೆ, ಮಾರ್ಪಡಿಸಿದ್ದರೆ ಹೊಣೆ ತಪ್ಪಬಹುದು. ಪಕ್ಕದ ಚೀಲ ಸೀಟಿನೊಳಗಿರುವ ಕಾರಿಗೆ ಹೊರಗಿನ ಅಂಗಡಿಯಲ್ಲಿ ದಪ್ಪನೆಯ ಸೀಟ್ ಕವರ್ ಬಿಗಿಯಾಗಿ ಹೊಲಿಸಿದರೆ ಚೀಲ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಇದನ್ನು ದಯವಿಟ್ಟು ಇಂದೇ ನೋಡಿಕೊಳ್ಳಿ. ಸೆಕೆಂಡ್‌ಹ್ಯಾಂಡ್ ಕಾರಾದರೆ ಹಳೆಯ ಅಪಘಾತ, ವಿಮಾ ಕ್ಲೇಮುಗಳ ವಿವರ ಕೇಳಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಕ್ಷಣದಲ್ಲಿ ಆರಬೇಕು. ಹೊತ್ತದೇ ಇದ್ದರೂ, ಆರದೇ ಇದ್ದರೂ ಸರ್ವಿಸ್ ಸೆಂಟರಿನಲ್ಲಿ ತಪಾಸಣೆ ಮಾಡಿಸಿ ಜಾಬ್ ಕಾರ್ಡಿನಲ್ಲಿ ಬರೆಸಿ.

ದೂರು ಎಲ್ಲಿ? ಕಾರನ್ನು ಬೀದರ್‌ನಲ್ಲೋ ಕಲಬುರಗಿಯಲ್ಲೋ ಕೊಂಡು, ಊರಿಗೆ ಹೋಗುವಾಗ ಹುಮನಾಬಾದ್ ಬಳಿ ಅಪಘಾತವಾಗಿದ್ದರೂ, ತಾರ್ನಾಕದಲ್ಲಿ ವಾಸವಿರುವ ಕನ್ನಡ ಕುಟುಂಬ ಹೈದರಾಬಾದಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 34ನೇ ಕಲಂ ದೂರುದಾರ ವಾಸಿಸುವ ಜಾಗಕ್ಕೇ ಈ ಅಧಿಕಾರ ಕೊಟ್ಟಿದೆ. ಜಿಲ್ಲಾ ಆಯೋಗವೋ ಮೇಲಿನದೋ ಎಂಬುದು ಕಾರಿಗೆ ಕೊಟ್ಟ ಬೆಲೆಯ ಮೇಲೆ ನಿಂತಿದೆ, ಕೇಳುವ ಪರಿಹಾರದ ಮೇಲಲ್ಲ: 50 ಲಕ್ಷದವರೆಗೆ ಜಿಲ್ಲೆ, 2 ಕೋಟಿಯವರೆಗೆ ರಾಜ್ಯ, ಅದರಾಚೆ ರಾಷ್ಟ್ರೀಯ ಆಯೋಗ. ಶುಲ್ಕ 10ರಿಂದ 20 ಲಕ್ಷದ ಕಾರಿಗೆ 400 ರೂಪಾಯಿ. ಕಾಲಮಿತಿ ಎರಡು ವರ್ಷ. ಆನ್‌ಲೈನಿನಲ್ಲಿ ಇ-ಜಾಗೃತಿ ಪೋರ್ಟಲ್ ಮೂಲಕ ಸಲ್ಲಿಸಬಹುದು. ಅದಕ್ಕೂ ಮುಂಚೆ 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದರೆ ಒಂದು ದಾಖಲೆಯಾದರೂ ಉಳಿಯುತ್ತದೆ. ತಯಾರಕ, ಡೀಲರ್ ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಮಾಡಿ. ಕಾರು ಮತ್ತು ನಿಯಂತ್ರಣ ಪೆಟ್ಟಿಗೆಯನ್ನು ಇದ್ದಂತೆಯೇ ಉಳಿಸಬೇಕೆಂಬ ಮಧ್ಯಂತರ ಆದೇಶವನ್ನು ದೂರಿನ ಜೊತೆಯಲ್ಲೇ ಕೇಳಿ. ಸ್ವಂತ ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸುವವರೂ ಗ್ರಾಹಕರೇ.

ಗುದ್ದಿದ ವಾಹನದ ವಿರುದ್ಧದ ಪರಿಹಾರ ಬೇರೆಯದೇ ದಾರಿ. ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ, ಆರು ತಿಂಗಳೊಳಗೆ. ಗ್ರಾಹಕ ದೂರಿನ ಫಲಕ್ಕಾಗಿ ಕಾಯುತ್ತ ಆ ಗಡುವನ್ನು ಕಳೆದುಕೊಳ್ಳಬೇಡಿ.

ನಿಮ್ಮ ಕಾರಿನ ದೋಷ ಸಾವಿರಾರು ಕಾರುಗಳಲ್ಲೂ ಇರಬಹುದು. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ನಿಯಂತ್ರಕದ ದೋಷದ ಶಂಕೆಯಿಂದ 17,362 ಕಾರುಗಳನ್ನು ವಾಪಸ್ ಕರೆಸಿ ಉಚಿತವಾಗಿ ಪರೀಕ್ಷಿಸಿತು. ಮೋಟಾರು ವಾಹನ ಕಾಯ್ದೆಯ 110ಎ ಕಲಂ ಪ್ರಕಾರ ಕೇಂದ್ರ ಸರ್ಕಾರವೇ ಇಂಥ ವಾಪಸಾತಿಗೆ ಆದೇಶಿಸಬಹುದು. ಅದಕ್ಕೆ ಮಾಲೀಕರ ದೂರುಗಳ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಪರಿಹಾರ ಕೈಸೇರಿದರೂ ರಸ್ತೆ ಸಾರಿಗೆ ಸಚಿವಾಲಯದ ವಾಪಸಾತಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ.

ಇನ್ನು ಗ್ರಾಹಕ ದೂರಿನ ವಿಷಯ: ಜಿಲ್ಲಾ ಆಯೋಗದ ಆದೇಶದ ಮೇಲೆ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಹಣ ಕೊಡಬೇಕಾದ ಕಂಪನಿ ಮೇಲ್ಮನವಿಗೆ ಹೋಗುವುದಾದರೆ ಆ ಹಣದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಆದೇಶ ಪಾಲಿಸದವರಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 72ನೇ ಕಲಂ ಅಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.