ಗೂಬೆ ಟ್ರೋಫಿಯೂ ಓಟಿ ಲೆಕ್ಕವೂ

ಚಿರಂಜೀವಿ ಪುಟ್ಟಿಗೆ,


ನಿಮ್ಮಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ ಫೋಟೊ ನೋಡಿದೆ. ನಿನ್ನ ತಲೆ ಮೇಲೆ ಬಣ್ಣದ ಕಾಗದದ ಟೋಪಿ, ಕೈಯಲ್ಲಿ ಗೂಬೆ ಕೂರಿಸಿದ ಟ್ರೋಫಿ, ಹಿಂದೆ ನಿಮ್ಮ ಸ್ಟುಡಿಯೊದವರ ಚಪ್ಪಾಳೆ. ಎಲ್ಲರಿಗಿಂತ ಹೆಚ್ಚು ರಾತ್ರಿಗಳನ್ನು ಆಫೀಸಿನಲ್ಲೇ ಕಳೆದವರಿಗೆ ಕೊಡುವ ‘ನೈಟ್ ಔಲ್’ ಪ್ರಶಸ್ತಿಯಂತೆ, ಈ ವರ್ಷವೂ ನಿನಗೇ ಬಂತಂತೆ. ಮನೆಮಂದಿಯೆಲ್ಲ ಶಹಬ್ಬಾಸ್ ಅಂದರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಚಿಂತೆ ಹತ್ತಿತು. ಫೋನು ಮಾಡಿದರೆ ‘ಮೀಟಿಂಗಲ್ಲಿದ್ದೀನಿ ಮಾವ’ ಅನ್ನುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನಂಥ ಇನ್ನೂ ಎಷ್ಟೋ ಮಕ್ಕಳು ಓದಲಿ ಎಂದು ಪತ್ರಿಕೆಗೂ ಕೊಡುತ್ತಿದ್ದೇನೆ, ನಿನ್ನ ಹೆಸರು ಹಾಕಿಲ್ಲ.

ನಿನಗೆ ಬಂದಿರುವ ಇನ್ನೊಂದು ಕೆಲಸಕ್ಕೆ ಹೋಗಲೋ ಬೇಡವೋ ಎಂದು ನೀನು ನನ್ನನ್ನು ಕೇಳಿದ್ದೆ. ಇಲ್ಲೇ ಉಳಿಯಲು ನೀನು ಕೊಟ್ಟ ಕಾರಣ ಒಂದೇ: ‘ಇಂಥಾ ಕಲ್ಚರ್ ಬೇರೆ ಕಡೆ ಸಿಗಲ್ಲ.’ ಎರಡೂ ಕಡೆ ತೂಗಿಯೇ ಹೇಳುತ್ತೇನೆ, ನನಗೆ ಯಾವ ಕಡೆಯ ಹಟವೂ ಇಲ್ಲ.

ಮೊದಲು ನಿಮ್ಮ ಆಫೀಸಿನ ಪರವಾಗಿಯೇ ಮಾತಾಡುತ್ತೇನೆ. ವರ್ಷದ ಕೊನೆಗೆ ಒಬ್ಬರಿಗೊಬ್ಬರು ಬಿರುದು ಕೊಟ್ಟು ನಗುವುದು ನನಗೆ ಇಷ್ಟವೇ. ನಮ್ಮ ಕಾಲದ ಕಾಲೇಜ್ ಡೇಗಳಲ್ಲಿ ಫಿಶ್‌ಪಾಂಡ್ ಇರುತ್ತಿತ್ತು. ಡಬ್ಬದಿಂದ ಚೀಟಿ ಎತ್ತಿ, ಹೆಸರು ಕೂಗಿ, ಆ ಹುಡುಗನ ಮೇಲೋ ಹುಡುಗಿಯ ಮೇಲೋ ಬರೆದ ತಮಾಷೆ ಓದುವುದು. ನಿಮ್ಮಂಥ ಜಾಹೀರಾತು ಏಜೆನ್ಸಿಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ದೊಡ್ಡ ಜಾಹೀರಾತು ಪ್ರಶಸ್ತಿ ಬಂದಾಗ ವೇದಿಕೆ ಹತ್ತುವವರು ಕ್ರಿಯೇಟಿವ್ ಡೈರೆಕ್ಟರು, ಕಾಪಿರೈಟರು. ಫೈಲನ್ನು ಪ್ರಿಂಟಿಗೆ ಸರಿಮಾಡಿ ಕಳಿಸಿದವನನ್ನು, ಪ್ರೂಫ್ ನೋಡಿದವರನ್ನು, ಬಿಲ್ಲಿನ ಹಿಂದೆ ಅಲೆದವಳನ್ನು ಯಾರೂ ಕರೆಯುವುದಿಲ್ಲ. ಆಫೀಸಿನ ಒಳಗಿನ ಈ ತಮಾಷೆಯಲ್ಲಿ ಅವರ ಸರದಿಯೂ ಬರುತ್ತದೆ.

ಇದು ನಾನು ಕಂಡದ್ದೇ. ನಾನು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ್ ಮೇಷ್ಟ್ರ ಕೈಕೆಳಗೆ ಕಲಿತವನು. ಪೇಂಟಿಂಗ್ ನಂಬಿದರೆ ಹೊಟ್ಟೆ ತುಂಬುವುದಿಲ್ಲ ಎಂದು ಎಂಬತ್ತರ ದಶಕದಲ್ಲಿ ಬೆಂಗಳೂರಿನದೇ ಒಂದು ಏಜೆನ್ಸಿಗೆ ಪೇಸ್ಟಪ್ ಆರ್ಟಿಸ್ಟ್ ಆಗಿ ಸೇರಿದೆ. ಸ್ಟುಡಿಯೊಗೆ ಕಂಪ್ಯೂಟರ್ ಇನ್ನೂ ಕಾಲಿಟ್ಟಿರಲಿಲ್ಲ. ಟೈಪ್‌ಸೆಟ್ಟಿಂಗಿನವರಿಂದ ಬ್ರೋಮೈಡ್ ಬರುತ್ತಿತ್ತು, ಅಂದರೆ ಫೋಟೊ ಕಾಗದದ ಮೇಲೆ ಮೂಡಿದ ಅಕ್ಷರ. ಅದನ್ನು ಬ್ಲೇಡಿನಲ್ಲಿ ಸಾಲುಸಾಲಾಗಿ ಕತ್ತರಿಸಿ, ಹಿಂದೆ ರಬ್ಬರ್ ಸಲ್ಯೂಷನ್ ಸವರಿ, ಟಿ-ಸ್ಕ್ವೇರ್ ಹಿಡಿದು ಬೋರ್ಡಿನ ಮೇಲೆ ನೆಟ್ಟಗೆ ಕೂರಿಸಬೇಕು. ಗುರುತು ಹಾಕಲು ತಿಳಿನೀಲಿ ಪೆನ್ಸಿಲ್, ಏಕೆಂದರೆ ಪ್ರೆಸ್ಸಿನ ಕ್ಯಾಮೆರಾದ ಫಿಲ್ಮಿನಲ್ಲಿ ಆ ನೀಲಿ ಮೂಡುವುದಿಲ್ಲ. ಕನ್ನಡದ ಕೆಲಸವಾದರೆ ಇನ್ನೂ ಕಷ್ಟ. ಒಂದು ಒತ್ತಕ್ಷರ ತಪ್ಪಿದ್ದರೆ ಬೇರೆ ಬ್ರೋಮೈಡಿನಿಂದ ಅಷ್ಟನ್ನೇ ಕತ್ತರಿಸಿ, ಬ್ಲೇಡಿನ ತುದಿಯಲ್ಲಿ ಎತ್ತಿ, ಜಾಗಕ್ಕೆ ಇಳಿಸಬೇಕು. ಹಾರಿಹೋಗುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ. ಬೇಸಿಗೆಯಲ್ಲಿ ಬೆವರಿನ ಹನಿ ಬೋರ್ಡಿಗೆ ಬೀಳದಂತೆ ಹಣೆಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದೆವು.

ದಸರಾ ಮುಗಿಯಿತೆಂದರೆ ಕ್ಯಾಲೆಂಡರ್, ಡೈರಿಗಳ ಸೀಸನ್. ಶಿವಕಾಶಿಗೆ ಹೋಗಬೇಕಾದ ಆರ್ಟ್‌ವರ್ಕು, ಊರಿನ ಪ್ರೆಸ್ಸುಗಳಿಗೆ ಹೋಗಬೇಕಾದ್ದು, ಎಲ್ಲ ಒಟ್ಟಿಗೆ. ಡಿಸೆಂಬರ್ ಕಳೆಯುವವರೆಗೆ ರಾತ್ರಿ ಹಗಲು ಗೊತ್ತಾಗುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಟೆರೇಸಿನಲ್ಲಿ ಬಿಸಿಬೇಳೆಬಾತ್, ಜಿಲೇಬಿ, ಬಿರುದು ಪ್ರದಾನ. ಒಂದು ವರ್ಷ ನಮ್ಮ ಪ್ರೂಫ್ ರೀಡರಿಗೆ ‘ಅರ್ಕಾವೊತ್ತಿನ ಇನ್‌ಸ್ಪೆಕ್ಟರ್’ ಎಂಬ ಬಿರುದು ಬಂತು. ಮಾತು ಕಡಿಮೆಯ ಮನುಷ್ಯ. ಅರ್ಕಾವೊತ್ತು ಕೂದಲೆಳೆಯಷ್ಟು ಆಚೆ ಕೂತಿದ್ದರೂ ಬೋರ್ಡು ವಾಪಸ್ ಕಳಿಸುತ್ತಿದ್ದರು, ನಾವು ಬೆನ್ನ ಹಿಂದೆ ಗೊಣಗುತ್ತಿದ್ದೆವು. ಅವತ್ತು ಎಲ್ಲರೂ ಬಿದ್ದುಬಿದ್ದು ನಕ್ಕರು, ಅವರೂ ನಕ್ಕರು. ಆ ಚೀಟಿಯನ್ನು ಮಡಿಸಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು. ಎಷ್ಟೋ ವರ್ಷದ ಮೇಲೆ ಅವರ ಮನೆಗೆ ಹೋದಾಗಲೂ ಅದು ಅಲ್ಲೇ ಇತ್ತು. ಅವರ ಕಣ್ಣಿಗೆ, ಅವರ ಕಸುಬಿಗೆ ಸಂದ ಬಿರುದು ಅದು.

ಅದೇ ಸಂಜೆ ನನ್ನನ್ನು ‘ರಾತ್ರಿ ರಾಜ’ ಎಂದು ಕೂಗಿ ರಟ್ಟಿನ ಕಿರೀಟ ಹಾಕಿದರು. ನನಗೆ ಖುಷಿಯೇ ಆಯಿತು. ಜನವರಿಯ ಸಂಬಳದ ಕವರು ಬಿಚ್ಚಿದರೆ ಸೀಸನ್ನಿನ ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ಕೂಲಿ, ಇರಲಿಲ್ಲ. ಮ್ಯಾನೇಜರ ಹತ್ತಿರ ಹೋಗಿ ಕೇಳಿದೆ. ‘ಏನಯ್ಯಾ, ಕಿರೀಟ ಹಾಕಿ ಮೆರೆಸಿದ್ದೀವಿ, ಈಗ ಓಟಿ ಅಂತ ಬಂದೆಯಲ್ಲ’ ಅಂದರು. ಸುತ್ತ ಇದ್ದವರು ನಕ್ಕರು. ಕೊಡಬೇಕಾದ ದುಡ್ಡಿಗೂ ಆ ಕಿರೀಟಕ್ಕೂ ಅವರು ಅಲ್ಲಿಗಲ್ಲಿಗೆ ಚುಕ್ತಾ ಮಾಡಿಕೊಂಡಿದ್ದರು. ಮತ್ತೆ ಕೇಳಿದರೆ ತಮಾಷೆ ಅರ್ಥವಾಗದವನು ಎನಿಸಿಕೊಳ್ಳಬೇಕಲ್ಲ ಎಂದು ಬಾಯಿ ಮುಚ್ಚಿಕೊಂಡೆ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿ, ಅದನ್ನು ಮೀರಿ ದುಡಿಸಿಕೊಂಡರೆ ದುಪ್ಪಟ್ಟು ಕೂಲಿ ಕೊಡಬೇಕೆಂದ ಕಾಯ್ದೆ. ನಾನು ಬ್ಲೇಡು ಹಿಡಿಯುವ ಮುಂಚಿನಿಂದಲೂ ಅದು ಇತ್ತು, ನನಗೆ ಹೇಳುವವರು ಇರಲಿಲ್ಲ. ನಿನಗೆ ನಾನು ಹೇಳುತ್ತಿದ್ದೇನೆ.

ಆ ಏಜೆನ್ಸಿ ಬಿಟ್ಟು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಆಫ್‌ಸೆಟ್ ಪ್ರೆಸ್ಸಿಗೆ ಸೇರಿದೆ. ಏಜೆನ್ಸಿಯ ಗೆಳೆಯರು ಅಯ್ಯೋ ಅಂದರು. ಅಲ್ಲಿ ಬಿರುದು ಇರಲಿಲ್ಲ, ಟೆರೇಸ್ ಪಾರ್ಟಿ ಇರಲಿಲ್ಲ. ಆದರೆ ಫೋರ್‌ಮನ್ ನನ್ನ ಕೈಗೆ ಭೂತಗನ್ನಡಿ ಕೊಟ್ಟು, ಮಷೀನಿನಿಂದ ಆಗತಾನೆ ಬಂದ ಶೀಟಿನ ಮೇಲೆ ಬಗ್ಗಿಸಿ, ಸಯಾನ್, ಮಜೆಂಟಾ, ಹಳದಿ, ಕಪ್ಪು ಚುಕ್ಕಿಗಳು ಹೇಗೆ ಒಂದರ ಪಕ್ಕ ಒಂದು ಕೂತು ಮಾವಿನ ಹಣ್ಣಿನ ಬಣ್ಣವಾಗುತ್ತವೆ ಎಂದು ತೋರಿಸಿದರು. ಬೋನಸ್ ಕಾಯ್ದೆ ಹೇಳುತ್ತಿದ್ದ ಕನಿಷ್ಠ ಶೇಕಡ 8.33ರ ಬೋನಸ್ಸು ಆಯುಧಪೂಜೆಗೆ ಮುಂಚೆಯೇ ಕೈ ಸೇರುತ್ತಿತ್ತು. ನೈಟ್ ಶಿಫ್ಟ್ ಮಾಡಿದರೆ ರಿಜಿಸ್ಟರಿನಲ್ಲಿ ಗಂಟೆ ಬರೆದು ಸಹಿ ಹಾಕುತ್ತಿದ್ದೆ. ಅಲ್ಲಿಯೂ ನಗುತ್ತಿದ್ದೆವು. ನಗು ಎಲ್ಲಿ ಹೋದರೂ ಹುಟ್ಟುತ್ತದೆ ಪುಟ್ಟಿ, ನಾಲ್ಕು ಜನ ಒಳ್ಳೆಯವರು ಸಿಕ್ಕರೆ ಸಾಕು. ಅದನ್ನು ಬಿಟ್ಟುಹೋಗಬೇಕಲ್ಲ ಎಂದು ಹೆದರಬೇಡ.

ದಸರಾ ರಜೆಯಲ್ಲಿ ‘ದಿ ಆಫೀಸ್’ ಧಾರಾವಾಹಿಯನ್ನು ನೀನೇ ತೋರಿಸಿದೆಯಲ್ಲ. ಬಾಸ್ ತನ್ನ ಆಫೀಸಿನವರಿಗೆ ತಮಾಷೆ ಪ್ರಶಸ್ತಿ ಹಂಚುವ 2005ರ ಆ ಡಂಡೀಸ್ ಕಂತು ನೆನಪಿದೆಯಾ? ನಿಶ್ಚಿತಾರ್ಥವಾಗಿ ವರ್ಷಗಳೇ ಕಳೆದರೂ ಮದುವೆಯಾಗದ ಪ್ಯಾಮ್‌ಗೆ ಅದನ್ನೇ ಆಡಿಕೊಂಡು ಪ್ರಶಸ್ತಿ ಕೊಡುವ ರೂಢಿ. ಆ ಸಲ ಅವಳ ಸಹೋದ್ಯೋಗಿ ಜಿಮ್ ಮುಂಚೆಯೇ ಬಾಸ್‌ಗೆ ಹೇಳಿ ಅದನ್ನು ತಪ್ಪಿಸುತ್ತಾನೆ, ಅವಳಿಗೆ ಅತಿ ಬಿಳುಪಾದ ಶೂಗಳ ಪ್ರಶಸ್ತಿ ಸಿಗುತ್ತದೆ, ಅವಳು ಹಿಗ್ಗುತ್ತಾಳೆ. ನಿಮ್ಮ ಆಫೀಸಿನಲ್ಲಿ ಅಷ್ಟು ಹೇಳುವವರು ಒಬ್ಬರೂ ಇರಲಿಲ್ಲವೇ? ‘ಈ ಹುಡುಗಿ ಯಾಕೆ ದಿನಾ ಮಧ್ಯರಾತ್ರಿ ಕ್ಯಾಬಿನಲ್ಲಿ ಮನೆಗೆ ಹೋಗ್ತಾಳೆ, ಕೆಲಸ ಹಂಚೋದರಲ್ಲಿ ಏನು ತಪ್ಪಾಗಿದೆ’ ಎಂದು ಕೇಳಬೇಕಾದ ಕಡೆ ಗೂಬೆ ತಂದು ಕೈಗಿಟ್ಟರೆ? ಹೋಗಲಿ, ನಿನಗಾದರೂ ಬುದ್ಧಿ ಬೇಡವೇ? ಒಂದು ವರ್ಷ ಇಸಕೊಂಡೆ, ಸರಿ. ಎರಡನೇ ಸಲವೂ ಟೋಪಿ ಹಾಕಿಸಿಕೊಂಡು ಹಲ್ಲು ಕಿರಿಯುತ್ತಾ ನಿಂತೆಯಲ್ಲ! ಜ್ವರ ಬಂದು ಮಲಗಿದ್ದಾಗಲೂ ಎದೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ ಎಂದು ನಿಮ್ಮಮ್ಮ ಅಳುತ್ತಾ ಹೇಳಿದ್ದಳು. ಅದಕ್ಕೂ ಒಂದು ಟ್ರೋಫಿ ಕೊಡುತ್ತಾರೇನು?

ಜೋರು ಮಾಡಿದೆ ಅಂತ ಮುನಿಸಿಕೊಳ್ಳಬೇಡ. ಆ ಉಪ್ಪಿನಕಾಯಿ ಬಾಟಲಿಯ ಲೇಬಲ್ಲಿಗೆ ನೀನು ಬರೆದ ಕನ್ನಡ ಅಕ್ಷರ ಅಂಗಡಿಯಲ್ಲಿ ನೋಡಿದೆ. ಎರಡು ಸಾಲಿನ ನಡುವೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಜಾಗ ಬಿಟ್ಟಿದ್ದೀಯ. ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಎಷ್ಟೋ ಜನ ಅದನ್ನು ನೋಡುವುದೇ ಇಲ್ಲ. ಬೇಕಿಲ್ಲದಿದ್ದರೂ ಒಂದು ಬಾಟಲಿ ಕೊಂಡು ತಂದೆ, ನಿಮ್ಮತ್ತೆಗೂ ತೋರಿಸಿದೆ. ನಿಮ್ಮ ಆಫೀಸಿನವರು ಇದಕ್ಕೆ ಬಿರುದು ಕೊಟ್ಟಿದ್ದರೆ ನಾನೇ ಊರಿಗೆಲ್ಲ ಸಿಹಿ ಹಂಚುತ್ತಿದ್ದೆ. ಮುಂದೆ ಎಲ್ಲೇ ಇರು, ವರ್ಷದ ಕೊನೆಯ ಬಿರುದುಗಳನ್ನು ಬರೆಯುವ ಕೆಲಸ ನೀನೇ ವಹಿಸಿಕೋ. ಯಾರ ಕೈ ಯಾವುದರಲ್ಲಿ ಪಳಗಿದೆ ಎಂದು ನೋಡಿ ಬರೆ.

ಆ ಹೊಸ ಕಡೆಯವರನ್ನು ಸಂಬಳದ ಜೊತೆಗೆ ಮೂರು ಮಾತು ಕೇಳು: ಸಂಜೆ ಎಷ್ಟು ಹೊತ್ತಿಗೆ ಜನ ಮನೆಗೆ ಹೋಗುತ್ತಾರೆ, ನಿನ್ನ ಮೇಲಿರುವವರು ಯಾರು, ಅವರಿಂದ ನೀನು ಕಲಿಯುವುದು ಏನಾದರೂ ಇದೆಯೇ. ಈಗಿನವರು ನಿನ್ನ ಗಂಟೆಗಳ ಲೆಕ್ಕ ಇಟ್ಟು ಕೆಲಸ ಹಗುರ ಮಾಡುತ್ತೇವೆ ಎಂದು ಬರೆದುಕೊಟ್ಟರೆ ಉಳಿ, ಬೇಡ ಅನ್ನುವುದಿಲ್ಲ. ಬಾಯಿಮಾತಿಗೆ ಮಾತ್ರ ಒಪ್ಪಬೇಡ. ಇವತ್ತೇ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಟಿಸ್ ಪೀರಿಯಡ್ ಎಷ್ಟು ದಿನ ಎಂದು ನೋಡು. ನೀನು ಮಾಡಿದ ಕೆಲಸಗಳನ್ನು ಪೋರ್ಟ್‌ಫೋಲಿಯೊದಲ್ಲಿ ಹಾಕಿಕೊಳ್ಳಲು ಮೇಲ್ ಬರೆದು ಅನುಮತಿ ತೆಗೆದುಕೋ. ಉಳಿದ ರಜೆಯ ಲೆಕ್ಕವನ್ನೂ ಎಚ್‌ಆರ್ ಹತ್ತಿರ ಬರವಣಿಗೆಯಲ್ಲೇ ಕೇಳು. ರಾಜೀನಾಮೆ ಪತ್ರ ಬರೆದರೆ ಕಳಿಸುವ ಮುಂಚೆ ನನಗೊಮ್ಮೆ ತೋರಿಸು, ಭಾಷೆ ನೋಡಿಕೊಡುತ್ತೇನೆ.

ಇತಿ,
ನಿನ್ನ ಸೋದರಮಾವ