ಕಿಂಡಿಯ ಕಾಳಗ: ‘ನಾಗರಹಾವು’ ಚಿತ್ರದ ಓಬವ್ವನ ದೃಶ್ಯವನ್ನು ಬಿಡಿಸಿ ನೋಡುವ ಬಗೆ

ಯುದ್ಧದೃಶ್ಯದ ಛಾಯಾಗ್ರಹಣ ಅರಿಯಲು ಸಾವಿರ ಕುದುರೆಗಳ ಚಿತ್ರವೇ ಬೇಕೆಂದಿಲ್ಲ. 1972ರಲ್ಲಿ ತೆರೆಕಂಡ ‘ನಾಗರಹಾವು’ ಚಿತ್ರದ ಓಬವ್ವನ ಪ್ರಸಂಗವೇ ಒಳ್ಳೆಯ ಪಾಠ. ನಿರ್ದೇಶನ ಪುಟ್ಟಣ್ಣ ಕಣಗಾಲರದು, ಛಾಯಾಗ್ರಹಣ ಚಿಟ್ಟಿಬಾಬು ಅವರದು, ಓಬವ್ವನ ಪಾತ್ರ ಜಯಂತಿಯವರದು. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಓಬವ್ವ ಒನಕೆಯಿಂದ ಬಡಿದ ಕಥೆ ನಮ್ಮ ನಾಡಿನ ಮಕ್ಕಳಿಗೂ ಗೊತ್ತು. ಕಥೆ ಮೊದಲೇ ತಿಳಿದಿರುವುದರಿಂದ ಕಣ್ಣು ಪೂರ್ತಿ ಕ್ಯಾಮೆರಾದ ಮೇಲೆ ನಿಲ್ಲುತ್ತದೆ.

ಮೊದಲು ಧ್ವನಿ ನಿಲ್ಲಿಸಿ ನೋಡಬೇಕು. ವಿಜಯಭಾಸ್ಕರ್ ಸಂಗೀತದ, ಪಿ.ಬಿ. ಶ್ರೀನಿವಾಸ್ ದನಿಯ ಹಾಡೇ ಈ ಪ್ರಸಂಗದ ಕಥೆಯನ್ನು ಹೇಳುತ್ತದೆ. ಹಾಡು ಕೇಳುತ್ತಿದ್ದರೆ ಚಿತ್ರ ತಾನಾಗಿ ಎಷ್ಟು ಹೇಳುತ್ತಿದೆ ಎಂಬುದು ತಿಳಿಯುವುದಿಲ್ಲ.

ಎರಡನೆಯ ಸಲ ಕಾಗದದ ಮೇಲೆ ನಕ್ಷೆ ಬರೆಯಬೇಕು: ಕಿಂಡಿ ಎಲ್ಲಿ, ಓಬವ್ವ ಯಾವ ಮಗ್ಗುಲಲ್ಲಿ, ಶತ್ರು ಬರುವ ದಿಕ್ಕು ಯಾವುದು. ಪ್ರತಿ ಶಾಟ್‌ಗೂ ಕ್ಯಾಮೆರಾ ನಿಂತ ಜಾಗಕ್ಕೆ ಒಂದು ಬಾಣ. ಬಾಣಗಳು ಗೋಡೆಯ ಆಚೆಗೂ ಈಚೆಗೂ ದಾಟಿದರೆ, ಆ ದಾಟುವಿಕೆ ಯಾವ ಗಳಿಗೆಯಲ್ಲಾಯಿತು ಎಂದು ಗುರುತಿಸಬೇಕು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಕಿಂಡಿಯ ಇಕ್ಕಟ್ಟಿನ ಬಳಿ. ಬಯಲಿನ ಯುದ್ಧದಲ್ಲಿ ಲಾಂಗ್ ಶಾಟ್ ದಂಡಿನ ಅಗಾಧತೆ ತೋರುತ್ತದೆ. ಇಲ್ಲಿ ಒಮ್ಮೆಗೆ ಒಂದೇ ತಲೆ ಒಳಬರುತ್ತದೆ. ಮುಂದೆ ಹೋದವನು ಸತ್ತದ್ದು ಹಿಂದಿನವನಿಗೆ ಗೊತ್ತಿಲ್ಲ. ಓಬವ್ವನಿಗೂ ಪ್ರೇಕ್ಷಕನಿಗೂ ಗೊತ್ತು. ಭಯ ಹುಟ್ಟುವುದು ಈ ಅಂತರದಲ್ಲಿ. ಹಾಗಾಗಿ ಒನಕೆಯ ಏಟಿಗಿಂತ ಹೆಣವನ್ನು ಬದಿಗೆಳೆಯುವ ಗಳಿಗೆಯೇ ದೊಡ್ಡದು: ಹಾದಿ ತೆರವಾಗದಿದ್ದರೆ ಗುಟ್ಟು ಬಯಲಾಗುತ್ತದೆ. ಮುಖದ ಕ್ಲೋಸಪ್, ಒನಕೆ, ಎಳೆಯುವ ಕೈ, ಇವುಗಳಿಗೆ ಎಷ್ಟೆಷ್ಟು ಸೆಕೆಂಡು ಸಿಕ್ಕಿದೆ ಎಂದು ಮೊಬೈಲ್ ಗಡಿಯಾರದಲ್ಲಿ ಅಳೆದು ಬರೆದುಕೊಳ್ಳಬೇಕು. ಸಂಕಲನದ ವೇಗ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದು ಆ ಅಂಕಿಗಳಲ್ಲೇ ಕಾಣುತ್ತದೆ.

ಬಂಡೆಯ ಬಣ್ಣದ ಎದುರು ಸೀರೆ ಎದ್ದು ಕಾಣುತ್ತದೆಯೋ ಬೆರೆಯುತ್ತದೆಯೋ, ಬೆಳಕು ಯಾವ ಕಡೆಯದು ಎಂಬುದನ್ನೂ ಗಮನಿಸಬೇಕು.

ಆಮೇಲೆ ಬೇರೆ ಯುದ್ಧಚಿತ್ರಗಳೊಡನೆ ಹೋಲಿಕೆ. ನಿರ್ದೇಶಕ ಕುರೊಸಾವಾ ‘ಸೆವೆನ್ ಸಮುರಾಯ್’ (1954) ಚಿತ್ರದ ಮಳೆಯ ಕಾಳಗವನ್ನು ಏಕಕಾಲಕ್ಕೆ ಹಲವು ಕ್ಯಾಮೆರಾಗಳಿಂದ, ದೂರದ ಲೆನ್ಸ್ ಬಳಸಿ ಹಿಡಿದರು. ‘ಸೇವಿಂಗ್ ಪ್ರೈವೇಟ್ ರಯಾನ್’ (1998) ಚಿತ್ರಕ್ಕೆ ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ ಶಟರ್ ಕೋನ ಕಿರಿದಾಗಿಸಿ ಚಲನೆಯನ್ನು ತುಂಡುತುಂಡಾಗಿ ಕಾಣಿಸಿದರು. ಅಲ್ಲಿ ಗದ್ದಲವೇ ಯುದ್ಧ. ಓಬವ್ವನ ಯುದ್ಧ ಸದ್ದಾಗದಂತೆ ನಡೆಯಬೇಕಾದದ್ದು; ಆದ್ದರಿಂದ ಒಂದೇ ಅಳತೆಗೋಲಿನಿಂದ ಇವನ್ನು ಅಳೆಯಲಾಗದು.

ಕಿಂಡಿ ಚಿತ್ರದುರ್ಗದ ಕೋಟೆಯಲ್ಲಿ ಇಂದಿಗೂ ಇದೆ. ಬರೆದ ನಕ್ಷೆಯನ್ನು ಕೈಯಲ್ಲಿ ಹಿಡಿದು ಅಲ್ಲಿಗೆ ಒಮ್ಮೆ ಹೋಗಿಬರಬೇಕು.