ನೂರರ ಮೋಹ



ಪಾಲಕ ಸಂತರ ಹಬ್ಬದ ಅಂಗವಾಗಿ ನಮ್ಮ ಧರ್ಮಕೇಂದ್ರದ ಹುಡುಗರು ನೆರೆಯ ಧರ್ಮಕೇಂದ್ರದವರೊಡನೆ ಕ್ರಿಕೆಟ್ ಪಂದ್ಯ ಆಡಿದರು. ನಮ್ಮವರೇ ಗೆದ್ದರು. ಆದರೆ ಆ ರಾತ್ರಿ ನನ್ನ ಅಕ್ಕನ ಮಗ, 14 ವರ್ಷದ ಹುಡುಗ, ಊಟದ ತಟ್ಟೆಯ ಮುಂದೆ ಮುಖ ಊದಿಸಿಕೊಂಡು ಕುಳಿತಿದ್ದ. ಗೆದ್ದು ಬಂದವನಿಗೆ ಇದೇನಾಯಿತು ಎಂದು ವಿಚಾರಿಸಿದರೆ, ಅವನು 48 ರನ್ನಿಗೆ ಔಟಾಗಿದ್ದನಂತೆ. "ಇನ್ನೆರಡು ರನ್ ಹೊಡೆದಿದ್ರೆ ಹಾಫ್ ಸೆಂಚುರಿ ಆಗ್ತಿತ್ತು, ಮಾವ" ಎಂದ. ಅವನನ್ನು ಸಮಾಧಾನಪಡಿಸಬೇಕಾಗಿದ್ದ ಭಾವನವರು, "ಎರಡೇ ಎರಡು ರನ್ನು! ಸ್ವಲ್ಪ ತಾಳ್ಮೆ ಬೇಡವೇನೋ?" ಎಂದು ಗಾಯದ ಮೇಲೆ ಬರೆ ಎಳೆದರು. ಹುಡುಗ ತಟ್ಟೆ ಬಿಟ್ಟು ಎದ್ದುಹೋದ.

ಹುಡುಗನ ತಪ್ಪೇನೂ ಇಲ್ಲ. ಐವತ್ತು, ನೂರು ಎಂಬ ಅಂಕಿಗಳಿಗೆ ನಾವೇ ಮಂಟಪ ಕಟ್ಟಿಕೊಟ್ಟಿದ್ದೇವೆ. ಯೋಚಿಸಿ ನೋಡಿ. 48ಕ್ಕೂ 50ಕ್ಕೂ ಆಟದಲ್ಲಿ ಇರುವ ವ್ಯತ್ಯಾಸ ಎರಡು ರನ್ ಮಾತ್ರ. 12ಕ್ಕೂ 14ಕ್ಕೂ ಇರುವುದು ಅಷ್ಟೇ. ನಮ್ಮ ಎರಡು ಕೈಗಳಲ್ಲಿ ಹತ್ತು ಬೆರಳಿರುವುದರಿಂದ ನಾವು ಹತ್ತು ಹತ್ತಾಗಿ ಎಣಿಸಲು ಕಲಿತೆವು. ಹತ್ತು ಹತ್ತಲಿ ನೂರಾಯಿತು. ಕೈಗೆ ಆರಾರು ಬೆರಳಿದ್ದಿದ್ದರೆ 144 ರನ್ನಿಗೆ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದೆವೋ ಏನೋ!

ಈ ಮೋಹ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಾವೆಲ್ಲರೂ ಕಣ್ಣಾರೆ ಕಂಡ ಒಂದು ದೃಷ್ಟಾಂತವಿದೆ. ಸಚಿನ್ ತೆಂಡೂಲ್ಕರ್ ಅವರ ನೂರನೆಯ ಶತಕ. ಮೊದಲೇ ಹೇಳಿಬಿಡುತ್ತೇನೆ, ಅವರ ಆಟದ ಹಿರಿಮೆಯನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಇಲ್ಲಿ ಪ್ರಶ್ನೆ ಇರುವುದು ನಮ್ಮ ಸಂಭ್ರಮದ ಬಗ್ಗೆ.

2011ರ ಮಾರ್ಚ್ 12ರಂದು ನಾಗಪುರದಲ್ಲಿ, ವಿಶ್ವಕಪ್ಪಿನ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ತೆಂಡೂಲ್ಕರ್ ತಮ್ಮ 99ನೆಯ ಶತಕ ಹೊಡೆದರು. ಟೆಸ್ಟ್ ಪಂದ್ಯಗಳಲ್ಲಿ 51, ಏಕದಿನ ಪಂದ್ಯಗಳಲ್ಲಿ 48. ಅಲ್ಲಿಂದ ದೇಶಕ್ಕೆ ದೇಶವೇ ಮತ್ತೊಂದಕ್ಕಾಗಿ ಕಾಯತೊಡಗಿತು. ಆದರೆ ಆ ಕೂಡಿಕೆಯನ್ನೇ ಒಂದು ಕ್ಷಣ ನೋಡಿ. ಟೆಸ್ಟ್ ಐದು ದಿನಗಳ ಆಟ, ಅಲ್ಲಿ ದಾಂಡಿಗನಿಗೆ ಎಸೆತಗಳ ಮಿತಿ ಇಲ್ಲ, ಬೌಲರನಿಗೆ ಓವರುಗಳ ಮಿತಿಯೂ ಇಲ್ಲ. ಏಕದಿನ ಪಂದ್ಯದಲ್ಲಿ ಒಂದು ತಂಡಕ್ಕೆ ಸಿಗುವುದು 300 ಎಸೆತ. ಎರಡರ ದಾಖಲೆ ಪುಸ್ತಕಗಳೂ ಬೇರೆ ಬೇರೆ. ಅಕ್ಕಿಯನ್ನೂ ಸೇರಿನಲ್ಲಿ ಅಳೆಯುತ್ತಿದ್ದರು, ಎಣ್ಣೆಯನ್ನೂ ಸೇರಿನಲ್ಲಿ ಅಳೆಯುತ್ತಿದ್ದರು. ಹಾಗೆಂದು 51 ಸೇರು ಅಕ್ಕಿಗೆ 49 ಸೇರು ಎಣ್ಣೆ ಕೂಡಿಸಿ ನೂರು ಸೇರಾಯಿತೆಂದು ಯಾವ ಅಂಗಡಿಯವನೂ ಲೆಕ್ಕ ಬರೆಯುತ್ತಿರಲಿಲ್ಲ. ನಾವು ಬರೆದೆವು, ಮೊತ್ತ ದುಂಡಗೆ ಕಾಣುತ್ತದೆ ಎಂದು.

ಆಮೇಲೆ ಏನಾಯಿತು? ಅದೇ ವರ್ಷ ಆಗಸ್ಟಿನಲ್ಲಿ ಲಂಡನ್ನಿನ ಓವಲ್‌ ಮೈದಾನದಲ್ಲಿ ತೆಂಡೂಲ್ಕರ್ 91 ರನ್ ಮಾಡಿದರು. ನವೆಂಬರಿನಲ್ಲಿ ಮುಂಬಯಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 94. ಟೆಸ್ಟ್ ಪಂದ್ಯದಲ್ಲಿ 91, 94 ಎಂದರೆ ಯಾವ ದಾಂಡಿಗನಿಗೂ ಹೆಮ್ಮೆಯ ಮೊತ್ತ. ಆದರೆ ನಾವು ಹೇಗೆ ಬರಮಾಡಿಕೊಂಡೆವು? ಮನೆಯಲ್ಲಿ ಸಾವಾದವರಂತೆ ನಿಟ್ಟುಸಿರು ಬಿಟ್ಟೆವು. 2011ರ ಏಪ್ರಿಲ್ 2ರ ಫೈನಲ್ಲನ್ನೂ ನೆನಪಿಸಿಕೊಳ್ಳಿ. ಅಂದು ತೆಂಡೂಲ್ಕರ್ ಮಾಡಿದ್ದು 18. ಗೌತಮ್ ಗಂಭೀರ್ 97ಕ್ಕೆ ಔಟಾದರು, ಮಹೇಂದ್ರ ಸಿಂಗ್ ಧೋನಿ 91ರಲ್ಲಿ ಔಟಾಗದೆ ಉಳಿದರು. ಭಾರತದ ಕಡೆ ಒಂದೇ ಒಂದು ಶತಕವಿಲ್ಲದೆ ವಿಶ್ವಕಪ್ ಮನೆಗೆ ಬಂತು.

ಕೊನೆಗೂ ಆ ದಿನ ಬಂತು: 2012ರ ಮಾರ್ಚ್ 16, ಢಾಕಾದ ಮೀರ್‌ಪುರ, ಏಷ್ಯಾ ಕಪ್, ಎದುರಾಳಿ ಬಾಂಗ್ಲಾದೇಶ. ತೆಂಡೂಲ್ಕರ್ 147 ಎಸೆತಗಳಲ್ಲಿ 114 ರನ್ ಮಾಡಿದರು. ಪಟಾಕಿ ಹಾರಿತು, ಸಿಹಿ ಹಂಚಿದರು. ಟಿ.ವಿ.ಯಲ್ಲಿ ಎಲ್ಲೆಲ್ಲೂ ಅದೇ. ಆ ಪಂದ್ಯ ಏನಾಯಿತೆಂದು ಈಗ ನಿಮ್ಮ ಪಕ್ಕದಲ್ಲಿರುವವರನ್ನು ಕೇಳಿ ನೋಡಿ. ಹತ್ತರಲ್ಲಿ ಇಬ್ಬರಿಗೆ ನೆನಪಿದ್ದರೆ ಹೆಚ್ಚು. ಭಾರತ ಸೋತಿತು! 300 ಎಸೆತಗಳಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಒಬ್ಬರೇ ಆಡಿದ್ದರಿಂದ ನಮ್ಮ ಮೊತ್ತ 5 ವಿಕೆಟ್ಟಿಗೆ 289ರಲ್ಲಿ ನಿಂತಿತು. ಇನ್ನೊಂದು ತುದಿಯಲ್ಲಿ ಸುರೇಶ್ ರೈನಾ 38 ಎಸೆತಗಳಲ್ಲೇ 51 ಹೊಡೆದಿದ್ದರು. ಬಾಂಗ್ಲಾದೇಶದವರು ನಾಲ್ಕು ಎಸೆತ ಉಳಿದಿರುವಾಗಲೇ ಗುರಿ ಮುಟ್ಟಿದರು. ಅಲ್ಲಿಗೂ ಮುಗಿಯಲಿಲ್ಲ. ಲೀಗ್ ಹಂತದ ಕೊನೆಯಲ್ಲಿ ಭಾರತ, ಬಾಂಗ್ಲಾದೇಶ ಎರಡಕ್ಕೂ ಸಮನಾದ ಅಂಕಗಳಿದ್ದವು. ಪರಸ್ಪರ ಪಂದ್ಯದಲ್ಲಿ ಗೆದ್ದವರೆಂದು ಬಾಂಗ್ಲಾದೇಶದವರು ಫೈನಲ್ಲಿಗೆ ಹೋದರು. ನಮ್ಮವರು ಗಂಟುಮೂಟೆ ಕಟ್ಟಿದರು. ನಾವು ಸಿಹಿ ಹಂಚಿದ್ದು ಆ ಪಂದ್ಯಕ್ಕೆ.

ಸೋತ ಪಂದ್ಯದ ಶತಕಕ್ಕೆ ಬೆಲೆಯೇ ಇಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದೆ. 1999ರ ಜನವರಿ 31ರಂದು ಚೆನ್ನೈನಲ್ಲಿ ಇದೇ ತೆಂಡೂಲ್ಕರ್ ಪಾಕಿಸ್ತಾನದ ವಿರುದ್ಧ 136 ರನ್ ಮಾಡಿದರು. ಗುರಿ 271, ಐದು ವಿಕೆಟ್ ಹೋದಾಗ ಮೊತ್ತ 82. ಬೆನ್ನುನೋವಿನಲ್ಲಿ ನರಳುತ್ತಾ ತಂಡವನ್ನು ಗೆಲುವಿನ ಹೊಸ್ತಿಲಿಗೆ ತಂದು ಔಟಾದರು. ಭಾರತ 12 ರನ್ನುಗಳಿಂದ ಸೋತಿತು. ಆ ಸೋಲಿನ ಮುಂದೆ ಮೀರ್‌ಪುರದ ನೂರನ್ನು ಇಟ್ಟು ತೂಗಿ ನೋಡಿ. ಮೊದಲನೆಯದರಲ್ಲಿ ಪ್ರತಿಯೊಂದು ರನ್ನೂ ತಂಡಕ್ಕೆ ಬೇಕಾಗಿತ್ತು, ಎರಡನೆಯದರಲ್ಲಿ ನಮಗೆ ಬೇಕಾಗಿದ್ದುದು ಆ ಅಂಕಿ. ಅವರು ಎಷ್ಟನೆಯ ಶತಕವನ್ನು ಚೆನ್ನೈನಲ್ಲಿ ಹೊಡೆದರೆಂದು ಯಾರೂ ಲೆಕ್ಕ ಇಟ್ಟಿರಲಿಲ್ಲ.

ಇದು ಒಬ್ಬರಿಗೇ ಸೀಮಿತವಾದ ಕಥೆಯಲ್ಲ. ನಮ್ಮ ಕಾಲದವರಿಗೆ 1994ರ ಫೆಬ್ರವರಿ 8 ನೆನಪಿರಬಹುದು. ಅಹಮದಾಬಾದಿನಲ್ಲಿ ಕಪಿಲ್ ದೇವ್ ತಮ್ಮ 432ನೆಯ ಟೆಸ್ಟ್ ವಿಕೆಟ್ ಪಡೆದು ರಿಚರ್ಡ್ ಹ್ಯಾಡ್ಲಿಯವರ ದಾಖಲೆಯನ್ನು ಮುರಿದಾಗ 432 ಬಲೂನುಗಳನ್ನು ಹಾರಿಬಿಟ್ಟರು. ಬಲೂನು ಚೆನ್ನಾಗಿಯೇ ಇತ್ತು. ಆದರೆ ಅದಕ್ಕೂ ಹಿಂದಿನ ಕೆಲವು ವರ್ಷಗಳಲ್ಲಿ ಕಪಿಲರ ವೇಗ ಇಳಿದಿತ್ತು, ಮೈಸೂರಿನ ಜಾವಗಲ್ ಶ್ರೀನಾಥ್ ಎಂಬ ವೇಗದ ಬೌಲರ್ ತಮ್ಮ ಸರದಿಗಾಗಿ ಕಾಯುತ್ತಿದ್ದರು. ಆ ಪಂದ್ಯದಲ್ಲೂ ಅವರಿಗೆ ಜಾಗವಿರಲಿಲ್ಲ. ಯುವಕನೊಬ್ಬನ ಹುರುಪಿನ ದಿನಗಳು ತಂಡದ ಹೊರಗೆ ಕಳೆದದ್ದಕ್ಕೆ ಯಾರೂ ಬಲೂನು ಹಾರಿಸಲಿಲ್ಲ, ಬಿಡಿ. ಆ ದಾಖಲೆಯಾದರೂ ಎಷ್ಟು ದಿನ ಉಳಿಯಿತು? 2000ದಲ್ಲಿ ಕೋರ್ಟ್ನಿ ವಾಲ್ಶ್ ಅದನ್ನು ದಾಟಿದರು. ಕಪಿಲರ ನಿಜವಾದ ಸಾಧನೆ 1983ರ ಜೂನ್ 18ರದು: ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದಾಗ ಔಟಾಗದೆ ಮಾಡಿದ 175. ಅದನ್ನು ಟಿ.ವಿ.ಯಲ್ಲಿ ತೋರಿಸಲೂ ಇಲ್ಲ.

ಅಂಕಿಯನ್ನು ಬದಿಗಿಡಬಲ್ಲವರೂ ನಮ್ಮ ನಡುವೆಯೇ ಇದ್ದಾರೆ. ಬೆಂಗಳೂರಿನ ಸಂತ ಜೋಸೆಫರ ಬಾಲಕರ ಶಾಲೆಯಲ್ಲಿ ಓದಿದ ರಾಹುಲ್ ದ್ರಾವಿಡ್ 2004ರ ಮಾರ್ಚ್ 29ರಂದು ಮುಲ್ತಾನಿನಲ್ಲಿ ಹಂಗಾಮಿ ನಾಯಕರಾಗಿದ್ದರು. ತೆಂಡೂಲ್ಕರ್ 194ರಲ್ಲಿ ಆಡುತ್ತಿದ್ದಾಗ ಅವರು ಇನಿಂಗ್ಸ್ ಮುಗಿಯಿತೆಂದು ಸಾರಿದರು. ದೇಶದಲ್ಲಿ ಎಷ್ಟು ಗುಲ್ಲೆದ್ದಿತೆಂದರೆ, ಸೋತ ನಾಯಕರೂ ಅಷ್ಟು ಬೈಗುಳ ತಿಂದಿರಲಾರರು. ಆ ಟೆಸ್ಟನ್ನು ಭಾರತ ಇನಿಂಗ್ಸ್ ಮತ್ತು 52 ರನ್ನುಗಳಿಂದ ಗೆದ್ದಿತು. ಪಾಕಿಸ್ತಾನದ ನೆಲದಲ್ಲಿ ಭಾರತದ ಮೊತ್ತಮೊದಲ ಟೆಸ್ಟ್ ಗೆಲುವು ಅದು. ಆದರೂ ಇಂದಿಗೂ ಜನ ಮುಲ್ತಾನ್ ಎಂದರೆ ಹೇಳುವುದು ಆ ಆರು ರನ್ನಿನ ಕಥೆಯನ್ನೇ. ಅದೇ ದ್ರಾವಿಡ್ ನಿವೃತ್ತಿ ಘೋಷಿಸಿದ್ದು 2012ರ ಮಾರ್ಚ್ 9ರಂದು, ಮೀರ್‌ಪುರದ ಶತಕಕ್ಕೆ ಸರಿಯಾಗಿ ಒಂದು ವಾರ ಮೊದಲು. ಟೆಸ್ಟ್ ಪಂದ್ಯಗಳಲ್ಲಿ ಅವರು ಎದುರಿಸಿದ ಎಸೆತಗಳು 31,258. ಈ ಅಂಕಿ ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ಹೊಸ ಚೆಂಡಿನ ಏಟನ್ನು ತಾವು ತಿಂದು, ಹಿಂದೆ ಬರುವವರಿಗೆ ಹಳೆಯ ಚೆಂಡನ್ನು ಒಪ್ಪಿಸಿದ ಲೆಕ್ಕ ಅದು.

ತೀರ ಹತ್ತಿರದ ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. 2023ರ ವಿಶ್ವಕಪ್ಪಿನಲ್ಲಿ, ಅಕ್ಟೋಬರ್ 8ರಂದು ಚೆನ್ನೈನಲ್ಲಿ ಆಸ್ಟ್ರೇಲಿಯದ ವಿರುದ್ಧ 200 ರನ್ ಬೆನ್ನಟ್ಟಿದ ಭಾರತ 2 ರನ್ನಿಗೆ 3 ವಿಕೆಟ್ ಕಳೆದುಕೊಂಡಿತು. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಹತ್ತಿರ ಹತ್ತಿರ 50 ಓವರು ವಿಕೆಟ್ ಕಾಯ್ದು ದಣಿದಿದ್ದರೂ ವಿರಾಟ್ ಕೊಹ್ಲಿಯವರ ಜೊತೆ ನಿಂತು ತಂಡವನ್ನು ದಡ ಮುಟ್ಟಿಸಿದರು. ಮೊದಲು ಬೌಂಡರಿ, ಆಮೇಲೆ ಸಿಕ್ಸರ್ ಹೊಡೆದರೆ ಶತಕವಾಗುತ್ತದೆಂದು ಅವರ ಲೆಕ್ಕ. ಬೌಂಡರಿಗೆಂದು ಬೀಸಿದ ಚೆಂಡು ಸಿಕ್ಸರ್ ಆಗಿ ಪಂದ್ಯವೇ ಮುಗಿಯಿತು. ಅವರು 97ರಲ್ಲಿ ಉಳಿದರು. ಗೆದ್ದ ಕ್ಷಣದಲ್ಲಿ ಪಿಚ್ಚಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರು. ಹನ್ನೊಂದು ದಿನಗಳ ಬಳಿಕ ಪುಣೆಯಲ್ಲಿ ಬಾಂಗ್ಲಾದೇಶದ ವಿರುದ್ಧ ಗೆಲುವಿಗೆ ಬೇಕಾದ ರನ್ನುಗಳೂ ಕೊಹ್ಲಿಯವರ ನೂರಕ್ಕೆ ಬೇಕಾದ ರನ್ನುಗಳೂ ಹೆಚ್ಚುಕಡಿಮೆ ಸಮನಾದಾಗ, ಇದೇ ರಾಹುಲ್ ಸುಲಭವಾಗಿ ಸಿಗುತ್ತಿದ್ದ ಒಂಟಿ ರನ್ನುಗಳಿಗೆ ಓಡಲಿಲ್ಲ. ಹಾಗೆ ಮಾಡಿದರೆ ಚೆನ್ನಾಗಿ ಕಾಣುವುದಿಲ್ಲವೆಂದು ಕೊಹ್ಲಿಯವರೇ ಹಿಂಜರಿದರೂ ತಾನು ಒಪ್ಪಲಿಲ್ಲವೆಂದು ಅವರು ಆಮೇಲೆ ಹೇಳಿದರು. ಕೊಹ್ಲಿ ಸಿಕ್ಸರ್ ಹೊಡೆದು 103ಕ್ಕೆ ಏರಿದರು, ಭಾರತವೂ ಗೆದ್ದಿತು, ಯಾರಿಗೂ ನಷ್ಟವಾಗಲಿಲ್ಲ.

ಗೆಳೆಯನಿಗಾಗಿ ತನ್ನ ರನ್ ಬಿಟ್ಟುಕೊಟ್ಟ ರಾಹುಲರ ಮನಸ್ಸು ದೊಡ್ಡದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 40 ಓವರಿಗೂ ಮಿಕ್ಕಿ ನಡೆದ ಒಂದು ಆಟ, ಕೊನೆಯ ಕೆಲವು ಓವರುಗಳಲ್ಲಿ ಬೇರೆಯೇ ಒಂದು ಆಟವಾಯಿತಲ್ಲವೇ? ಅಲ್ಲಿ ಎದುರಾಳಿ ಬಾಂಗ್ಲಾದೇಶವಲ್ಲ, ನೂರು ಎಂಬ ಅಂಕಿ. ಚೆನ್ನೈನ 97 ಮತ್ತು ಪುಣೆಯ 103, ಇವುಗಳಲ್ಲಿ ಯಾವುದು ದೊಡ್ಡದೆಂದು ನಿಮ್ಮ ಮನೆಯ ಮಕ್ಕಳನ್ನು ಕೇಳಿ. ಏನು ಉತ್ತರ ಬರುತ್ತದೆ ನೋಡಿ.

ಈಗ ನಮ್ಮ ಮನೆಗಳ ವಿಷಯ. ಎಸ್.ಎಸ್.ಎಲ್.ಸಿ.ಯಲ್ಲಿ 625ಕ್ಕೆ 619 ತೆಗೆದ ಮಗುವಿಗೆ "ಆ ಆರು ಅಂಕ ಎಲ್ಲಿ ಹೋಯಿತು?" ಎಂದು ಕೇಳುವ ತಂದೆ, ಮುಲ್ತಾನಿನ ಆರು ರನ್ನಿಗೆ ಅತ್ತವರಲ್ಲಿ ಒಬ್ಬರೇ ಆಗಿರುತ್ತಾರೆ. ಅದೇ ಮನೆಯಲ್ಲಿ ತಮ್ಮನಿಗೆ ಗಣಿತ ಹೇಳಿಕೊಟ್ಟು, ಅಜ್ಜಿಗೆ ಔಷಧಿ ಕೊಟ್ಟು, 380 ಅಂಕ ತೆಗೆದ ಹುಡುಗಿಗೆ ಸಿಹಿ ತರುವವರು ಯಾರು? ಅವಳ ಲೆಕ್ಕ ಯಾವ ಪುಸ್ತಕದಲ್ಲೂ ದುಂಡಗೆ ಮುಗಿಯುವುದಿಲ್ಲ. ಮಗು ಮೈದಾನದಿಂದ ಬಂದಾಗ "ಎಷ್ಟು ಹೊಡೆದೆ?" ಎಂಬುದು ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ. "ನೀನು ಆಡಲು ಇಳಿದಾಗ ಎಷ್ಟು ವಿಕೆಟ್ ಹೋಗಿತ್ತು? ಇನ್ನೊಂದು ತುದಿಯಲ್ಲಿ ಯಾರಿದ್ದರು?" ಎಂದು ಒಮ್ಮೆ ಕೇಳಿ ನೋಡಿ. ಪತ್ರಿಕೆಯ ಸ್ಕೋರ್ ಪಟ್ಟಿಯನ್ನು ಮಕ್ಕಳೊಡನೆ ಓದುವಾಗಲೂ ದಪ್ಪಕ್ಷರದ ಹೆಸರಿನಲ್ಲಿ ನಿಲ್ಲಬೇಡಿ. ಕೆಳಗಿನ ಸಾಲುಗಳಿಗೆ ಇಳಿಯಿರಿ. ಎಸೆತಗಳೆಷ್ಟು, ವಿಕೆಟ್‌ಗಳು ಯಾವ ಮೊತ್ತದಲ್ಲಿ ಬಿದ್ದವು, ಎಂಟನೆಯವನಾಗಿ ಬಂದು 9 ರನ್ ಮಾಡಿದವನು ಎಷ್ಟು ಹೊತ್ತು ನಿಂತಿದ್ದ, ಎಲ್ಲವೂ ಅಲ್ಲೇ ಇರುತ್ತದೆ.

ನಮ್ಮ ಹುಡುಗನ ವಿಷಯ ಅರ್ಧಕ್ಕೇ ಬಿಟ್ಟೆ. ಮರುದಿನ ಬೆಳಿಗ್ಗೆ ಅವನ ಕೋಪ ಇಳಿದ ಮೇಲೆ, "ನೀನು ಔಟಾದಾಗ ಗೆಲ್ಲಲು ಎಷ್ಟು ಬೇಕಿತ್ತೋ?" ಎಂದು ಕೇಳಿದೆ. "ಇನ್ನೂ ಒಂಬತ್ತು ಬೇಕಿತ್ತು" ಎಂದ. "ಮತ್ತೆ ಅದನ್ನು ಹೊಡೆದವರು ಯಾರು?" ಬೇಕರಿಯವರ ಮಗನಂತೆ, ಬೌಲಿಂಗ್ ಮಾಡಲೆಂದೇ ತಂಡಕ್ಕೆ ಸೇರಿಸಿಕೊಂಡಿದ್ದ ಹುಡುಗ. ಎರಡು ಚೆಂಡು ಮೊಣಕಾಲಿಗೆ ತಾಗಿದ್ದರೂ ಕೊನೆಯವರೆಗೂ ಔಟಾಗಲಿಲ್ಲವಂತೆ. "ಅವನ ಸ್ಕೋರೆಷ್ಟು?" ಎಂದೆ. ಹುಡುಗ ತಲೆ ಕೆರೆದುಕೊಂಡ. ಅವನಿಗೆ ಗೊತ್ತಿರಲಿಲ್ಲ, ಭಾವನವರಿಗೂ ಗೊತ್ತಿರಲಿಲ್ಲ. ಕಾಫಿ ಕುಡಿದು ಮುಗಿಸಿದವನೇ, ಸ್ಕೋರ್ ಬರೆದವರ ಮನೆಗೆ ಆ ನೋಟ್‌ಬುಕ್ ನೋಡಲು ಸೈಕಲ್ ಹತ್ತಿ ಹೊರಟ.